ನಾಣ್ಯಗಳ ಊರಿನಲ್ಲಿ ಮನೆ ಮಾಲೀಕರಿಲ್ಲ

ಜನಸಂದಣಿಯಲ್ಲಿ ಸಿಕ್ಕಿ ಜನ ಸತ್ತರೆ ಕನ್ನಡ ಪತ್ರಿಕೆಗಳು 'ಕಾಲ್ತುಳಿತ' ಎಂದು ಬರೆಯುತ್ತವೆ. ಉರ್ದು ಪತ್ರಿಕೆಗಳು 'ಭಗ್‌ದಡ್' ಎನ್ನುತ್ತವೆ. ಮೊದಲ ಪದದಲ್ಲಿ ತುಳಿಯುವ ಕಾಲಿದೆ, ಎರಡನೆಯದರಲ್ಲಿ ದಿಕ್ಕೆಟ್ಟ ಓಟವಿದೆ. ಎರಡೂ ಭಾಷೆಗಳಲ್ಲಿ ಓದು ಕಲಿತ ನಾವು ಈ ಎರಡೂ ಪದಗಳನ್ನು ಯೋಚಿಸದೆ ಬಳಸುತ್ತ ಬಂದವರು. ಸತ್ತವರನ್ನು ಕೊಂದದ್ದು ಪಕ್ಕದಲ್ಲಿದ್ದವರೇ, ಅವರು ಗಾಬರಿಬಿದ್ದು ಓಡಿದರು, ಬಿದ್ದವರ ಮೇಲೆ ಕಾಲಿಟ್ಟರು ಎಂಬ ತೀರ್ಪು ಪದದ ಹೊಟ್ಟೆಯೊಳಗೇ ಕೂತಿದೆ. ಅದು ಎಷ್ಟು ಅವಸರದ ತೀರ್ಪು ಎಂದು ನಮಗೆ ತೋರಿಸಿಕೊಟ್ಟದ್ದು ಯಾವ ಕತೆಯೂ ಅಲ್ಲ, ಕಾದಂಬರಿಯೂ ಅಲ್ಲ, ಭೌತಶಾಸ್ತ್ರ.

2006ರ ಜನವರಿ 12ರಂದು ಮಿನಾದ ಜಮರಾತ್ ಸೇತುವೆಯ ಬಳಿ ಹಜ್ ಯಾತ್ರಿಕರು ಕಲ್ಲೆಸೆಯುವ ವಿಧಿಗಾಗಿ ಸೇರಿದ್ದಾಗ ಕನಿಷ್ಠ 346 ಮಂದಿ ಸತ್ತರು. ಅಲ್ಲಿ ಅದು ಮೊದಲನೆಯದೇನಲ್ಲ. 1990ರ ಜುಲೈಯಲ್ಲಿ ಅಲ್ಲಿನ ಸುರಂಗದಾರಿಯೊಂದರಲ್ಲಿ 1,426 ಜನ ಉಸಿರು ಬಿಟ್ಟಿದ್ದರು. ಆಗ ದೊರೆಯೇ ಅದನ್ನು ದೈವೇಚ್ಛೆ ಎಂದಿದ್ದರು. ಆದರೆ 2006ರಲ್ಲಿ ಒಂದು ವ್ಯತ್ಯಾಸವಿತ್ತು. ಮೇಲೆ ಕ್ಯಾಮೆರಾ ಇತ್ತು. ಆ ಚಿತ್ರಗಳನ್ನು ಡಿರ್ಕ್ ಹೆಲ್ಬಿಂಗ್, ಆಂಡರ್ಸ್ ಯೋಹಾನ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಸೌದಿಯ ಹಬೀಬ್ ಅಲ್ ಆಬಿದೀನ್ ಅವರೊಡನೆ ಸೇರಿ ಕ್ಷಣ ಕ್ಷಣವಾಗಿ ಅಳೆದು, 2007ರಲ್ಲಿ ಭೌತಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಅವರು ಕಂಡದ್ದು ಹೀಗೆ. ಮೊದಲು ಜನ ಕಾಲುವೆಯ ನೀರಿನಂತೆ ಸರಾಗವಾಗಿ ಹರಿಯುತ್ತಾರೆ. ದಟ್ಟಣೆ ಹೆಚ್ಚಿದಂತೆ ನಿಲ್ಲುವುದು, ನಡೆಯುವುದು, ಮತ್ತೆ ನಿಲ್ಲುವುದು ಶುರುವಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತ ವಾಹನಗಳ ಸಾಲು ಚಲಿಸುವ ಹಾಗೆ ಈ ನಿಲುಗಡೆ ಅಲೆಯಾಗಿ ಹಿಂದಕ್ಕೆ ಸಾಗುತ್ತದೆ. ಅರ್ಧ ಗಂಟೆ ಕಳೆಯುವುದರಲ್ಲಿ ಮೂರನೆಯ ಸ್ಥಿತಿ ಬರುತ್ತದೆ. ಅದನ್ನು ಅವರು ಪ್ರವಾಹದ ಸುಳಿಗೆ ಹೋಲಿಸಿದರು. ಮೈಗೆ ಮೈ ಒತ್ತಿ ನಿಂತಲ್ಲಿ ತಳ್ಳುವ ಶಕ್ತಿ ಒಂದು ದೇಹದಿಂದ ಇನ್ನೊಂದಕ್ಕೆ ದಾಟುತ್ತದೆ. ಎಲ್ಲೋ ಮೀಟರುಗಳಾಚೆ ಹುಟ್ಟಿದ ನೂಕು ಇಲ್ಲಿ ನಿಂತವನನ್ನು ಎತ್ತಿ ಅತ್ತ ಎಸೆಯುತ್ತದೆ, ಇತ್ತ ಎಳೆಯುತ್ತದೆ. ಆಗ ಕಾಲು ಅವನದಲ್ಲ, ದಿಕ್ಕೂ ಅವನದಲ್ಲ. ಇಂಥ ಒತ್ತಡದಲ್ಲಿ ಸಾಯುವವರಲ್ಲಿ ಬಹಳ ಮಂದಿ ಎದೆಗೂಡು ಹಿಗ್ಗಲು ಜಾಗವಿಲ್ಲದೆ, ಉಸಿರು ಕಟ್ಟಿ, ನಿಂತಲ್ಲೇ ಸಾಯುತ್ತಾರೆ. ಚದರ ಮೀಟರಿಗೆ ಹತ್ತರಷ್ಟು ಜನ ತುಂಬಿದ ಕಡೆ ಓಡುವುದಕ್ಕೆ ಎಲ್ಲಿದೆ ಅವಕಾಶ? ಹಿಂದಿನವರು ತಳ್ಳುತ್ತಾರೆ, ಏಕೆಂದರೆ ಮುಂದೇನಾಗುತ್ತಿದೆ ಎಂಬುದು ಅವರಿಗೆ ಕಾಣದು. (ಕನ್ನಡದಲ್ಲಿ 'ನೂಕುನುಗ್ಗಲು' ಎಂಬ ಇನ್ನೊಂದು ಪದವಿದೆ. ವಿಜ್ಞಾನಿಗಳ ಮಾತಿಗೆ ಅದೇ ಹತ್ತಿರ. ಪತ್ರಿಕೆಯವರು ಏಕೋ ಅದನ್ನು ಟಿಕೆಟ್ ಕೌಂಟರಿಗೆ ಮೀಸಲಿಟ್ಟಿದ್ದಾರೆ.)

ಈ ಲೆಕ್ಕದ ಫಲವೆಂದರೆ ಹೊಣೆ ಜಾಗ ಬದಲಿಸಿತು. ಗುಂಪಿನ ಹಳ್ಳಿಗರು, ಮುದುಕರು, ಭಾಷೆ ಬಾರದವರು ಆರೋಪಿಯ ಜಾಗದಿಂದ ಕೆಳಗಿಳಿದರು. ದಾರಿಯ ಅಗಲ, ಎದುರುಬದುರಾಗಿ ಬರುವ ಹರಿವು, ಬಿಡುವ ಸಮಯ, ಇವೆಲ್ಲ ಮೇಲೆ ಬಂದವು. ಹಳೆಯ ಸೇತುವೆ ಕೆಡವಿ ಹಲವು ಅಂತಸ್ತಿನ ಹೊಸದನ್ನು ಕಟ್ಟಿದರು. ಹೋಗುವ ಬರುವ ದಾರಿ ಬೇರೆಯಾದವು, ತಂಡಗಳಿಗೆ ವೇಳಾಪಟ್ಟಿ ಬಂತು. ಅಲೆ ಏಳತೊಡಗಿದಾಗಿನಿಂದ ಸುಳಿ ಹುಟ್ಟುವವರೆಗಿನ ಆ ಅರ್ಧ ಗಂಟೆಯಲ್ಲಿ ಮೇಲಿನಿಂದ ನೋಡುವವನಿಗೆ ಏನಾದರೂ ಮಾಡಲು ಸಾಧ್ಯ ಎಂಬುದು ಗೊತ್ತಾಯಿತು. ಹೀಗಿದ್ದೂ 2015ರ ಸೆಪ್ಟೆಂಬರ್ 24ರಂದು ಮಿನಾದ ರಸ್ತೆಯೊಂದರಲ್ಲಿ ಮತ್ತೆ ದುರಂತವಾಯಿತು. ಸರಕಾರಿ ಲೆಕ್ಕ 769ಕ್ಕೆ ನಿಂತಿತು. ಆಯಾ ದೇಶಗಳು ತಮ್ಮವರೆಂದು ಹೇಳಿದ ಸಾವುಗಳನ್ನು ಕೂಡಿದರೆ ಎರಡು ಸಾವಿರ ದಾಟುತ್ತದೆ. ಅಂದು ಅಲ್ಲಿನ ಆರೋಗ್ಯ ಸಚಿವರು ಯಾತ್ರಿಕರು ಸೂಚನೆ ಪಾಲಿಸಲಿಲ್ಲ ಎಂದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತಾಗಲೂ ಮರುದಿನದ ಪತ್ರಿಕೆಗಳಲ್ಲಿ ಅದೇ ಪದ: ಕಾಲ್ತುಳಿತ.

ಹೆಲ್ಬಿಂಗ್ ಅವರ ಪರವಾಗಿ ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. 2000ದಲ್ಲಿ ಇವರೇ ಇನ್ನಿಬ್ಬರ ಜತೆ ಬರೆದ ಹೆಸರಾಂತ ಲೇಖನದ ತಲೆಬರಹದಲ್ಲೇ 'ಪ್ಯಾನಿಕ್' ಎಂಬ ಪದವಿತ್ತು. ಗಣಕದ ಕಣಗಳಿಗೆ ದಿಗಿಲು ತುಂಬಿ ಬಾಗಿಲತ್ತ ಓಡಿಸಿದ್ದರು. ಕಣಕ್ಕೆ ಪಕ್ಕದ ಕಣದ ಕೈ ಹಿಡಿಯುವುದು ಗೊತ್ತಿಲ್ಲ. ಹಾನಿ ಅಲ್ ನಬುಲ್ಸಿ ಮತ್ತು ಜಾನ್ ಡ್ರೂರಿ ಎಂಬ ಮನಶ್ಶಾಸ್ತ್ರಜ್ಞರು ಹಜ್‌ನ ವೇಳೆ 1,194 ಯಾತ್ರಿಕರನ್ನು ಮಾತಾಡಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ದಟ್ಟಣೆ ಏರಿದಂತೆ ಸುರಕ್ಷಿತ ಅನ್ನಿಸುವುದು ಕಡಿಮೆಯಾಗಬೇಕಷ್ಟೆ? ಸುತ್ತಲಿನ ಗುಂಪನ್ನು 'ನಾವು' ಎಂದು ಭಾವಿಸಿದವರ ವಿಷಯದಲ್ಲಿ ಹಾಗಾಗಲಿಲ್ಲ. ಭೌತಶಾಸ್ತ್ರದ ಸಮೀಕರಣದಲ್ಲಿ ಈ ಸರ್ವನಾಮಕ್ಕೆ ಚಿಹ್ನೆಯಿಲ್ಲ.

ಸಮಾಜವನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡುವ ಈ ಪರಂಪರೆಯ ಕತೆಯನ್ನು ಬ್ರಿಟಿಷ್ ವಿಜ್ಞಾನ ಲೇಖಕ ಫಿಲಿಪ್ ಬಾಲ್ 2004ರಲ್ಲಿ 'ಕ್ರಿಟಿಕಲ್ ಮಾಸ್' ಎಂಬ ದಪ್ಪ ಪುಸ್ತಕವಾಗಿ ಬರೆದಿದ್ದಾರೆ. ಕತೆಗಾರರಾದ ನಮ್ಮಂಥವರೂ ಓದಿ ಮುಗಿಸಬಲ್ಲ ಪುಸ್ತಕ. ಬೆಲ್ಜಿಯಂನ ಕೆಟಲೆ 1835ರಲ್ಲೇ ಜನರ ಎತ್ತರ, ಅಪರಾಧ, ಆತ್ಮಹತ್ಯೆಗಳ ಅಂಕಿಗಳಿಂದ 'ಸರಾಸರಿ ಮನುಷ್ಯ'ನನ್ನು ಕಡೆದು ನಿಲ್ಲಿಸಿದ್ದ. ಅನಿಲದ ಕಣಗಳ ವೇಗ ಹೇಗೆ ಹಂಚಿಹೋಗಿದೆ ಎಂದು ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿದ್ದು ಅದಾದ ಮೇಲೆ, ಕೆಟಲೆಯ ವಿಚಾರದ ನೆರವಿನಿಂದಲೇ. ಅಂದರೆ ಭೌತಶಾಸ್ತ್ರ ಸಮಾಜಕ್ಕೆ ಕೊಟ್ಟದ್ದು ಸಮಾಜದಿಂದ ಪಡೆದ ಹಳೆಯ ಸಾಲವೇ. ಇಂಥ ಚರ್ಚೆ ಬಂದಾಗ ನಮ್ಮ ಸಭೆಗಳಲ್ಲಿ ಯಾರಾದರೂ ಎದ್ದು ಇಬ್ನ್ ಖಲ್ದೂನ್ ಇದನ್ನೆಲ್ಲ 1377ರಲ್ಲೇ ಹೇಳಿದ್ದಾರೆ ಎನ್ನುವುದುಂಟು. ಅವರ 'ಅಸಬಿಯ್ಯ'ವನ್ನು, ಎಂದರೆ ಗುಂಪಿನ ಒಗ್ಗಟ್ಟಿನ ಬಲವನ್ನು, ಪೀಟರ್ ತುರ್ಚಿನ್ 2003ರಲ್ಲಿ ಸಮೀಕರಣಕ್ಕೆ ಇಳಿಸಿದ್ದು ನಿಜ. ಆದರೆ ಇಳಿಸುವ ಕೆಲಸವನ್ನು ಎದ್ದು ನಿಂತು ಮಾತಾಡಿದವರು ಮಾಡಲಿಲ್ಲ.

ಈಗ ಇದೇ ವಿದ್ಯೆಯ ಇನ್ನೊಂದು ಪ್ರಸಿದ್ಧ ಕೃತಿಗೆ ಬರೋಣ. 1971ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಒಂದು ಆಟ ಹೂಡಿದರು. ಚದುರಂಗದ ಹಾಸಿನಂಥ ಮನೆಗಳ ಮೇಲೆ ಎರಡು ಬಗೆಯ ನಾಣ್ಯಗಳು, ನಡುನಡುವೆ ಖಾಲಿ ಮನೆಗಳು. ಪ್ರತಿ ನಾಣ್ಯಕ್ಕೂ ಒಂದೇ ಆಸೆ: ಅಕ್ಕಪಕ್ಕದಲ್ಲಿ ಮೂರನೇ ಒಂದು ಭಾಗದಷ್ಟಾದರೂ ನನ್ನಂಥವರಿರಲಿ. ಉಳಿದವರು ಬೇರೆಯವರಾದರೂ ಅದಕ್ಕೆ ಬೇಸರವಿಲ್ಲ. ಆಸೆ ಈಡೇರದ ನಾಣ್ಯ ಖಾಲಿ ಮನೆಗೆ ಸರಿಯಬಹುದು. ಸರಿಸುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲಿ ಹಾಸು ಎರಡು ಕೇರಿಗಳಾಗಿ ಒಡೆದಿರುತ್ತದೆ. ಯಾರೂ ದ್ವೇಷಿಗಳಲ್ಲ, ಯಾರೂ ಕೇರಿ ಕಟ್ಟಲು ಹೊರಟಿರಲಿಲ್ಲ, ಆದರೂ ಕೇರಿಯಾಯಿತು. ನಾವು ಒಂದು ಸಂಜೆ ಮನೆಯ ಚಿಲ್ಲರೆಯನ್ನೆಲ್ಲ ಹರವಿಕೊಂಡು ಈ ಆಟ ಆಡಿ ನೋಡಿದೆವು. ಫಲಿತಾಂಶ ಹಾಗೇ ಬಂತು. ಬೆರಗಾಯಿತು. ಆಮೇಲೆ ಕಸಿವಿಸಿಯೂ ಆಯಿತು.

ಏಕೆಂದರೆ ಮನೆ ಹುಡುಕಿದ ಅನುಭವ ನಮಗಿದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದೆವು. ಅಡ್ವಾನ್ಸಿನ ಮಾತಾಯಿತು, ನೀರಿನ ಮಾತಾಯಿತು, "ಬನ್ನಿ ಸಾರ್, ಸಂಜೆ ಕೀ ಇಟ್ಕೊಂಡಿರ್ತೀನಿ" ಎಂದರು. ಕೊನೆಗೆ ಹೆಸರು ಕೇಳಿದರು. ಸಂಜೆ ಹೋದಾಗ ಗೇಟಿನಲ್ಲೇ ನಿಲ್ಲಿಸಿ ಮಾಲೀಕರು ಮೆತ್ತಗಿನ ದನಿಯಲ್ಲಿ, "ಬೇಜಾರ್ ಮಾಡ್ಕೋಬೇಡಿ, ನಮಗೇನೂ ಇಲ್ಲ, ಅಕ್ಕಪಕ್ಕದೋರು ಒಪ್ಪಲ್ಲ" ಎಂದರು. ಅಕ್ಕಪಕ್ಕದವರನ್ನು ಕೇಳಿದ್ದರೆ ಅವರೂ ಹಾಗೇ ಹೇಳುತ್ತಿದ್ದರೋ ಏನೋ. ಯಾರಿಗೂ ಏನೂ ಇಲ್ಲ. ಮನೆ ಮಾತ್ರ ಇಲ್ಲ. ಶೆಲ್ಲಿಂಗರ ಹೆಸರನ್ನೂ ಕೇಳಿರದ ಆ ಮಾಲೀಕರು ಶೆಲ್ಲಿಂಗರ ಆಟದ ಮಾತನ್ನೇ ಆಡಿದ್ದರು. ಅಂಥ ಐದಾರು ಗೇಟುಗಳ ನಂತರ ಮಸೀದಿಯ ಹಿಂದಿನ ಗಲ್ಲಿಯಲ್ಲಿ ಮನೆ ಸಿಕ್ಕಿತು. ಈಗ ಯಾರಾದರೂ ಊರಿನ ನಕ್ಷೆ ಹಾಕಿದರೆ ನಾವು ನಮ್ಮವರ ನಡುವೆ ಇರಲು ಬಯಸಿ ಸರಿದ ಒಂದು ನಾಣ್ಯದಂತೆ ಕಾಣುತ್ತೇವೆ.

ಆಸೆ ನಮಗೂ ಇಲ್ಲವೇ? ಇದೆ. ಬಾಂಗ್ ಕೇಳಿಸುವಷ್ಟು ಹತ್ತಿರ, ಹಲಾಲ್ ಮಾಂಸದಂಗಡಿ ನಡೆದು ಹೋಗುವಷ್ಟು ದೂರ ಇದ್ದರೆ ಒಳ್ಳೆಯದೆಂದು ನಾವೂ ಬಯಸಿದ್ದೇವೆ. ಬಾಡಿಗೆ ಕೇಳಲು ಬಂದವನ ಮಸ್ಲಕ್ ಯಾವುದೆಂದು ವಿಚಾರಿಸಿ ವಾಪಸು ಕಳಿಸುವ ಮಾಲೀಕರು ನಮ್ಮ ಗಲ್ಲಿಯಲ್ಲೂ ಇದ್ದಾರೆ. ಶೆಲ್ಲಿಂಗರ ಲೆಕ್ಕ ಸುಳ್ಳಲ್ಲ. ಆದರೆ ಅವರ ಹಾಸಿನ ಮೇಲೆ ಖಾಲಿ ಮನೆ ಎಂದರೆ ಎಲ್ಲರಿಗೂ ಖಾಲಿ. ಅಲ್ಲಿ ಕೀ ಹಿಡಿದು ನಿಂತವರಿಲ್ಲ, ಹೆಸರು ಕೇಳುವವರಿಲ್ಲ. ನಾಣ್ಯಗಳ ಊರಿನಲ್ಲಿ ಮನೆ ಮಾಲೀಕರೇ ಇಲ್ಲ.

ಆ ಆಟ ಹುಟ್ಟಿದ ಅಮೆರಿಕದಲ್ಲಿ ಮಾಲೀಕರಷ್ಟೇ ಅಲ್ಲ, ಸರಕಾರವೂ ಇತ್ತು. 1930ರ ದಶಕದಲ್ಲಿ ಸರಕಾರಿ ಸಂಸ್ಥೆಯೇ ಊರುಗಳ ನಕ್ಷೆ ತಯಾರಿಸಿ ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. 1934ರಲ್ಲಿ ಆರಂಭವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಅಂಥ ಕಡೆಗಳಲ್ಲಿ ಮನೆ ಸಾಲಕ್ಕೆ ಖಾತರಿ ಕೊಡಲು ಹಿಂಜರಿಯಿತು. ಕಪ್ಪು ಜನರಿಗೆ ಮಾರಕೂಡದೆಂದು ಕ್ರಯಪತ್ರದಲ್ಲೇ ಬರೆಯುತ್ತಿದ್ದರು. ನ್ಯಾಯಾಲಯಗಳು ಇಂಥ ಷರತ್ತು ಜಾರಿ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಲು 1948 ಬರಬೇಕಾಯಿತು, ತಾರತಮ್ಯ ನಿಷೇಧಿಸುವ ಕಾನೂನಿಗೆ 1968. ಶೆಲ್ಲಿಂಗರಿಗೆ ಇದು ತಿಳಿಯದೆ ಇರಲಿಲ್ಲ. ಜನ ಬೇರೆಯಾಗಲು ಸಂಘಟಿತ ಕ್ರಮ ಒಂದು ಕಾರಣ, ಆದಾಯ ಇನ್ನೊಂದು, ವೈಯಕ್ತಿಕ ಆಯ್ಕೆ ಮತ್ತೊಂದು, ತನ್ನ ಮಾದರಿ ಮೂರನೆಯದಕ್ಕೆ ಮಾತ್ರ ಎಂದು ಅವರು ಮೊದಲಲ್ಲೇ ಸ್ಪಷ್ಟಪಡಿಸಿದ್ದರು. ಅವರನ್ನು ಉದ್ಧರಿಸುವವರು ಆ ಪುಟ ಹಾರಿಸುತ್ತಾರೆ. ಮಿನಾದಲ್ಲಿ ವಿಜ್ಞಾನ ಬಲಹೀನರ ತಲೆಯಿಂದ ಹೊಣೆ ಇಳಿಸಿ ಬಲವುಳ್ಳವರ ತಲೆಗೆ ಹೊರಿಸಿತು. ಇಲ್ಲಿ ಅದೇ ವಿಜ್ಞಾನವನ್ನು ಬಳಸಿ ಬಲವುಳ್ಳವರ ತಲೆಯಿಂದ ಹೊಣೆ ಇಳಿಸಿ ಗಾಳಿಗೆ ತೂರುತ್ತಾರೆ.

ಹಣದ ವಿಷಯದಲ್ಲೂ ಇಂಥದೇ ಆಟಗಳಿವೆ. ಮೇಘನಾದ ಸಹಾ ಮತ್ತು ಶ್ರೀವಾಸ್ತವ 1931ರ ತಮ್ಮ ಶಾಖಶಾಸ್ತ್ರದ ಪಠ್ಯಪುಸ್ತಕದಲ್ಲೇ ಕಣಗಳ ಹಂಚಿಕೆಯನ್ನು ಜನರ ಆದಾಯಕ್ಕೆ ಹೋಲಿಸಿದ್ದರು. 'ಎಕಾನೊಫಿಸಿಕ್ಸ್' ಎಂಬ ಹೆಸರನ್ನು ಯೂಜಿನ್ ಸ್ಟ್ಯಾನ್ಲಿ 1995ರಲ್ಲಿ ಕೊಲ್ಕತ್ತಾದ ಸಮ್ಮೇಳನದಲ್ಲಿ ಟಂಕಿಸಿದರು. ಎಲ್ಲರಿಗೂ ಸಮನಾಗಿ ಹಣ ಕೊಟ್ಟು, ಮನಬಂದಂತೆ ಕೈ ಬದಲಾಯಿಸಲು ಬಿಟ್ಟರೂ ಕೊನೆಗೆ ಬಹಳ ಮಂದಿ ಬಡವರಾಗಿ ಕೆಲವೇ ಮಂದಿ ಸಿರಿವಂತರಾಗುತ್ತಾರೆ ಎಂದು ಅಲ್ಲಿನ ಸರಳ ಮಾದರಿಗಳು ತೋರಿಸುತ್ತವೆ. ಸಿರಿವಂತಿಕೆಗೆ ಜಾಣತನವೇ ಕಾರಣವಲ್ಲ ಎಂಬ ಮಟ್ಟಿಗೆ ಅದು ಒಳ್ಳೆಯ ಪಾಠ. ಅಲ್ಲೂ ಬೀಡಿ ಕಟ್ಟುವವರಿಲ್ಲ, ಕಂಟ್ರಾಕ್ಟರನಿಲ್ಲ.

ಸಾಚಾರ್ ಸಮಿತಿ 2006ರಲ್ಲಿ ಮುಸ್ಲಿಮರಿಗೆ ಬಾಡಿಗೆಗೂ ಕ್ರಯಕ್ಕೂ ಮನೆ ಸಿಗದಿರುವುದನ್ನು ದಾಖಲಿಸಿತು. ಸುಖದೇವ್ ಥೋರಟ್ ಮತ್ತು ಸಂಗಡಿಗರು ದಿಲ್ಲಿ ಸುತ್ತಿನಲ್ಲಿ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಣ್ಯಗಳಿಲ್ಲ. ಅವರು ಮೇಲ್ಜಾತಿಯ, ದಲಿತರ, ಮುಸ್ಲಿಮರ ಹೆಸರಿನಲ್ಲಿ ಮಾಲೀಕರಿಗೂ ಬ್ರೋಕರುಗಳಿಗೂ ಫೋನ್ ಮಾಡಿಸಿದರು, ನೇರ ಕಳಿಸಿಯೂ ನೋಡಿದರು. ಮೇಲ್ಜಾತಿಯ ಹೆಸರಿಗೆ ಬಾಗಿಲು ಸುಲಭವಾಗಿ ತೆರೆಯಿತು, ದಲಿತ ಹೆಸರಿಗೆ ಅಷ್ಟು ತೆರೆಯಲಿಲ್ಲ, ಮುಸ್ಲಿಂ ಹೆಸರಿಗೆ ಎಲ್ಲಕ್ಕಿಂತ ಕಡಿಮೆ. ಶೆಲ್ಲಿಂಗರ ಲೇಖನವನ್ನು ಪಾಠ ಹೇಳುವ ತರಗತಿಗಳಲ್ಲಿ ಇದನ್ನೂ ಪಕ್ಕದಲ್ಲಿಟ್ಟು ಓದಿಸಬಹುದು. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು.