ಬ್ರೌಮನ ಗುರಾಣಿ

ಕಂಪ್ಯೂಟರಿನ ಆಟವೊಂದನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶೆಗೆ ತೆಗೆದುಕೊಳ್ಳುವುದು ಉಚಿತವೇ ಎಂದು ಕೆಲವರು ವಾಚಕರು ಕೇಳಬಹುದು. ಪಾತ್ರವನ್ನು ಕಲ್ಪಿಸಿ, ಅದಕ್ಕೊಂದು ಸ್ವಭಾವವನ್ನು ಕೊಟ್ಟು, ಆ ಸ್ವಭಾವಕ್ಕೆ ತಕ್ಕ ಕ್ರಿಯೆಯನ್ನು ಹೊಂದಿಸಿರುವಲ್ಲಿ ಔಚಿತ್ಯವಿಚಾರಕ್ಕೆ ಎಡೆಯುಂಟೆಂದು ನಾವು ಬಗೆಯುತ್ತೇವೆ. ಆಡತಕ್ಕವನು ಇಲ್ಲಿ ಪ್ರೇಕ್ಷಕನೂ ಹೌದು, ನಟನೂ ಹೌದು.

ಅಮೆರಿಕದ ರಯಟ್ ಗೇಮ್ಸ್ ಸಂಸ್ಥೆಯವರು 2009ರಲ್ಲಿ ಹೊರತಂದ ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಆಟದಲ್ಲಿ ಐವರ ಪಡೆಯೊಂದು ಮತ್ತೊಂದು ಐವರ ಪಡೆಯೊಡನೆ ಸೆಣಸುತ್ತದೆ. ರಣಭೂಮಿಗೆ ಮೂರು ದಾರಿಗಳು. ಎದುರು ಪಕ್ಷದ ಬೀಡಿನ ನಡುವಣ ಮೂಲಸ್ಥಾನವನ್ನು ಕೆಡವಿದವರಿಗೆ ಜಯ. ಕೆಳಗಣ ದಾರಿಯಲ್ಲಿ ಇಬ್ಬರು ಜೊತೆಯಾಗಿ ನಿಲ್ಲುವುದು ವಾಡಿಕೆ. ಒಬ್ಬನು ದೂರದಿಂದ ಹೊಡೆಯುವ ಬಿಲ್ಲಾಳು. ಇನ್ನೊಬ್ಬನು ಅವನನ್ನು ಕಾಯತಕ್ಕವನು, ಆಟದವರ ಮಾತಿನಲ್ಲಿ ‘ಸಪೋರ್ಟ್’. ಕಾಲಾಳುಗಳಿಗೆ ಕೊನೆಯ ಪೆಟ್ಟನ್ನು ಹಾಕಿದವನಿಗೇ ಹೊನ್ನು ದೊರೆಯುವುದರಿಂದ, ಆ ಪೆಟ್ಟನ್ನು ಜೊತೆಗಾರನಿಗೆ ಬಿಟ್ಟುಕೊಡುವ ಸಪೋರ್ಟು ಪ್ರಾಯಶಃ ಬಡವನಾಗಿಯೇ ಉಳಿಯುತ್ತಾನೆ. ಇಂಥವರಲ್ಲಿ ಕೆಲವರು ಶತ್ರುವಿನ ಕೈಗೆಟುಕುವಷ್ಟು ಹತ್ತಿರ ನಿಂತು, ಪೆಟ್ಟುಗಳನ್ನು ಮೈಮೇಲೆ ತೆಗೆದುಕೊಳ್ಳುತ್ತಾರೆ; ಅವರಿಗೆ ‘ಟ್ಯಾಂಕ್’ ಎಂದು ಹೆಸರು. 2014ರಲ್ಲಿ ಆಟಕ್ಕೆ ಬಂದ ಬ್ರೌಮನು ಈ ಬಗೆಯವನು. ನಮ್ಮ ಅಭಿಪ್ರಾಯದಲ್ಲಿ ಈ ವರ್ಗದ ಪಾತ್ರಗಳಲ್ಲೆಲ್ಲ ಅವನದೇ ಉತ್ತಮವಾದ ರಚನೆ.

ಅವನ ಕಥೆ ಸರಳವಾದುದು. ಹಿಮದ ನಾಡಿನ ಬೆಟ್ಟದೊಳಗಿನ ಭಂಡಾರವೊಂದರಲ್ಲಿ ರಾಕ್ಷಸಬಾಲಕನೊಬ್ಬನು ಸಿಕ್ಕಿಬಿದ್ದನು. ಬಾಗಿಲು ಮಂತ್ರಬದ್ಧವಾದುದು, ಒಡೆಯಲಿಲ್ಲ. ಬ್ರೌಮನು ಬಾಗಿಲನ್ನು ಬಿಟ್ಟು ಬೆಟ್ಟದ ಬಂಡೆಯನ್ನೇ ಒಡೆದು ಮಗುವನ್ನು ಹೊರತಂದನು. ಒಡೆಯದ ಆ ಬಾಗಿಲೇ ಮುಂದೆ ಅವನ ಗುರಾಣಿಯಾಯಿತು. ಮಗುವನ್ನು ಕೂಡಿಹಾಕಿದ್ದ ವಸ್ತುವೇ ರಕ್ಷಣೆಯ ಸಾಧನವಾದುದರಲ್ಲಿ ಕವಿತ್ವವಿದೆ. ಆದರೆ ಕಥೆ ಹೇಳುವುದು ಸುಲಭ. ಅದನ್ನು ಆಟದ ನಿಯಮವನ್ನಾಗಿ ಮಾಡುವುದು ಕಷ್ಟ. ನಿರ್ಮಾತೃಗಳು ಗೆದ್ದಿರುವುದು ಅಲ್ಲಿ.

ಬ್ರೌಮನು ಜಿಗಿಯಬಲ್ಲನು; ಆದರೆ ಸ್ವಪಕ್ಷದವರ ಬಳಿಗೆ ಮಾತ್ರ, ಶತ್ರುವಿನ ಮೇಲಕ್ಕಲ್ಲ. ಅವನು ಹೊಡೆದ ಪೆಟ್ಟು ಶತ್ರುವಿನ ಮೇಲೊಂದು ಗುರುತನ್ನಿಡುತ್ತದೆ. ಅನಂತರದ ಪೆಟ್ಟುಗಳನ್ನು ಜೊತೆಗಾರರೂ ಹಾಕಬಹುದು. ನಾಲ್ಕು ಕೂಡಿದೊಡನೆ ಶತ್ರುವು ಸ್ತಬ್ಧನಾಗುತ್ತಾನೆ. ಮೊದಲುಮಾಡುವವನು ಇವನು, ಮುಗಿಸುವವರು ಹೆರವರು. ಗುರಾಣಿಯನ್ನು ಎತ್ತಿದನೆಂದರೆ ಆ ಕಡೆಯಿಂದ ಹಾರಿಬರುವ ಅಸ್ತ್ರಗಳೆಲ್ಲ ಅವನಲ್ಲಿಯೇ ನಿಲ್ಲುತ್ತವೆ. ಮೊದಲನೆಯದರಿಂದ ಗಾಯವೇ ಇಲ್ಲ. ಇಲ್ಲೊಂದು ಸೂಕ್ಷ್ಮವುಂಟು. ಆಶ್ ಎಂಬ ಧನುರ್ಧಾರಿಣಿಯ ಮಹಾಬಾಣವನ್ನು ಹೀಗೆ ತಡೆದರೆ ಗಾಯವು ತಪ್ಪುತ್ತದೆ, ಆದರೆ ಬಾಣದ ಸ್ತಂಭನವು ಅವನಿಗೆ ತಟ್ಟಿಯೇ ತಟ್ಟುತ್ತದೆ. ದ್ರೋಣಪರ್ವದಲ್ಲಿ ಭಗದತ್ತನ ವೈಷ್ಣವಾಸ್ತ್ರವನ್ನು ಶ್ರೀಕೃಷ್ಣನು ಪಾರ್ಥನಿಗೆ ಅಡ್ಡವಾಗಿ ತನ್ನ ಎದೆಯಲ್ಲಿ ಧರಿಸಿದಾಗ ಅದು ವೈಜಯಂತಿಮಾಲೆಯಾಯಿತು. ಬ್ರೌಮನು ದೇವರಲ್ಲ, ಅವನ ಎದೆಯಲ್ಲಿ ಬಾಣವು ಬಾಣವೇ. ಅದರಿಂದಲೇ ಅವನ ಪಾತ್ರದಲ್ಲಿ ದಯಾವೀರವು ಹುಸಿಯೆನಿಸುವುದಿಲ್ಲ.

2011ರಲ್ಲಿ ಬಂದ ಲಿಯೋನಾ ಎಂಬ ವೀರಾಂಗನೆಯನ್ನು ಇವನ ಪಕ್ಕದಲ್ಲಿಟ್ಟು ನೋಡಬೇಕು. ಆಕೆಗೂ ಗುರಾಣಿಯುಂಟು, ಆಕೆಯೂ ಸಪೋರ್ಟೇ. ಆದರೆ ಆಕೆಯ ಖಡ್ಗವು ತಗುಲಿದ ಶತ್ರುವಿನ ಬಳಿಗೆ ಆಕೆಯೇ ನುಗ್ಗುತ್ತಾಳೆ. ಅದು ಯುದ್ಧವೀರ, ಚೆಲುವಾದುದೇ. ಒಮ್ಮೆ ನುಗ್ಗಿದ ಮೇಲೆ ಹಿಂದಿರುಗುವ ಉಪಾಯ ಕಡಮೆಯಾದುದರಿಂದ ಆಕೆಯ ಆಟದಲ್ಲಿ ಧೈರ್ಯವೇ ಮುಖ್ಯ. ಬ್ರೌಮನ ಆಟದಲ್ಲಿ ಮುಖ್ಯವಾದದ್ದು ದಿಕ್ಕು. ಗುರಾಣಿಯು ಒಂದೇ ಕಡೆಯನ್ನು ಕಾಯುತ್ತದೆ. ಹಾರಿಬರುವುದನ್ನು ತಡೆದೀತೇ ಹೊರತು, ಪಕ್ಕದಿಂದ ನುಸುಳಿ ಬಿಲ್ಲಾಳಿನ ಮೇಲೆ ಕತ್ತಿ ಬೀಸುವವನನ್ನು ತಡೆಯಲಾರದು. ಆದಕಾರಣ ಆಡುವವನ ಕಣ್ಣು ತನ್ನ ಮೇಲಿರದೆ ಸದಾ ಜೊತೆಗಾರನ ಮೇಲೂ ಅವನ ವೈರಿಯ ಮೇಲೂ ಇರಬೇಕು.

ಇಷ್ಟು ಒಪ್ಪವಾದ ಪಾತ್ರಕ್ಕೆ ಆಟದ ಲೆಕ್ಕದ ಪಟ್ಟಿಯು ನ್ಯಾಯವನ್ನು ಮಾಡಿಲ್ಲವೆಂಬುದು ನಮ್ಮ ಆಕ್ಷೇಪ. ತಾನು ತಾಳಿಕೊಂಡ ಪೆಟ್ಟಿನ ಅಂಕಿಗಳು ಆಟ ಮುಗಿದ ಮೇಲೆ ವಿವರದ ಪುಟದಲ್ಲಿ ಸಿಕ್ಕುತ್ತವೆ, ನಿಜ. ಆದರೆ ಆಡುತ್ತಿರುವಾಗ ಎಲ್ಲರ ಕಣ್ಣಿಗೆ ಮುಖ್ಯವಾಗಿ ಬೀಳುವುವು ಈ ಸಂಖ್ಯೆಗಳು: ಕೊಂದದ್ದು, ಸತ್ತದ್ದು, ನೆರವಾದದ್ದು. ಜೊತೆಗಾರನನ್ನು ಮುಟ್ಟದೆ ಹೋದ ಬಾಣಕ್ಕೆ ಅಲ್ಲಿ ಸ್ಥಳವಿಲ್ಲ.

ನಮ್ಮ ಅಕ್ಕನ ಮಗಳು ಬ್ರೌಮನನ್ನು ಆಡುತ್ತಾಳೆ. ಒಂದು ಸಂಜೆ ಅವಳ ಪಕ್ಷವು ಗೆದ್ದಿತು. ಅವಳು ಒಬ್ಬರನ್ನೂ ಕೊಲ್ಲದೆ ಒಂಬತ್ತು ಬಾರಿ ಸತ್ತಿದ್ದಳು. ಒಮ್ಮೆಯೂ ಸಾಯದಿದ್ದ ಅಪರಿಚಿತ ಬಿಲ್ಲಾಳು ಅದನ್ನೆತ್ತಿ ಹೀನಾಯವಾಗಿ ಬರೆದನು. “ಮಾಮ, ತಾನೇಕೆ ಒಂದು ಸಲವೂ ಸಾಯಲಿಲ್ಲವೆಂದು ಅವನು ಯೋಚಿಸಬಾರದೆ?” ಎಂದಳು. ವೈಷ್ಣವಾಸ್ತ್ರದಿಂದ ಉಳಿದ ಪಾರ್ಥನೂ ಮೊದಲು ಆಡಿದ್ದು ಆಕ್ಷೇಪದ ಮಾತನ್ನೇ ಎಂದು ನಾವು ಸಮಾಧಾನ ಹೇಳಿದೆವು. ಅವಳಿಗೆ ಅದು ಸಾಲಲಿಲ್ಲ. ಆಟದ ಮರುನೋಟವನ್ನು ತೆರೆದು ಒಂಬತ್ತು ಸಾವುಗಳನ್ನೂ ಒಂದೊಂದಾಗಿ ನೋಡಿದಳು. ಆರು ಬಾರಿ ಬಿಲ್ಲಾಳು ಅವಳ ಬೆನ್ನ ಹಿಂದೆ ಬದುಕಿದ್ದನು. ಎರಡು ಸಾವು ಬರಿಯ ದುಡುಕು. ಉಳಿದ ಒಂದರಲ್ಲಿ ಗುರಾಣಿಯನ್ನು ಎಡಕ್ಕೆ ಹಿಡಿದಿದ್ದಳು, ಬಾಣವು ಬಲದಿಂದ ಬಂದಿತ್ತು. ಅದನ್ನು ಮಾತ್ರ ಮೂರು ಸಲ ನೋಡಿದಳು.