ಝರಣಿ ನರಸಿಂಹ: ನೀರು ಮತ್ತು ಪೌರುಷ

ಬೀದರ ನಗರದ ಝರಣಿ ನರಸಿಂಹ ಗುಹೆಯನ್ನು ಕ್ಷೇತ್ರಮಹಿಮೆಯ ಚೌಕಟ್ಟಿನಲ್ಲಷ್ಟೇ ನೋಡಿದರೆ ಅದರ ಕಲಾಮಹತ್ವ ಮರೆಯಾಗುತ್ತದೆ. ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ, ತುಂಬಿದ ದಿನಗಳಲ್ಲಿ ಎದೆಮಟ್ಟಕ್ಕೆ ಬರುವ ನೀರನ್ನು ಹಾದುಹೋಗಿಯೇ ಕೊನೆಯ ಗೋಡೆಯ ನರಸಿಂಹನನ್ನು ಕಾಣಬೇಕು.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1528ರಲ್ಲಿ ಕಡೆದ ಹಂಪಿಯ ನರಸಿಂಹ ಸುಮಾರು 6.7 ಮೀಟರ್ ಎತ್ತರದಿಂದಲೇ ನೋಡುಗನನ್ನು ಕುಬ್ಜಗೊಳಿಸುತ್ತದೆ. ಅಲ್ಲಿ ಪೌರುಷವೆಂದರೆ ಗಾತ್ರ. ಬೀದರಿನಲ್ಲಿ ಆ ಕೆಲಸವನ್ನು ನೀರು ಮಾಡುತ್ತದೆ. ಭಾಲ್ಕಿ, ಔರಾದ ಕಡೆಯಿಂದ ಬಂದ ರಟ್ಟೆಬಲದ ರೈತನೂ ಇಲ್ಲಿ ದಾಪುಗಾಲು ಹಾಕಲಾರ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಪಾದದಿಂದ ನೆಲ ತಡವುತ್ತ, ಮುಂದಿನವರ ಹೆಜ್ಜೆಗೆ ಕಾಯಬೇಕು. ಹೆಂಗಸರೂ ಅದೇ ನೀರಿನಲ್ಲಿ ಅದೇ ನಿಧಾನದಿಂದ ಸಾಗುತ್ತಾರೆ. ಉಗ್ರಮೂರ್ತಿಯ ಬಳಿಗೆ ಒಯ್ಯುವ ದಾರಿ ಜೋಪಾನವನ್ನು ಕಲಿಸುತ್ತದೆ.

ಸ್ಥಳಪುರಾಣವೂ ಇದಕ್ಕೆ ಪೂರಕವಾಗಿದೆ. ಹತನಾದ ಜಲಾಸುರನು ನೀರಾಗಿ ದೇವರ ಪಾದದಡಿ ಹರಿದನೆಂದೂ, ತನ್ನ ಗುಹೆಯಲ್ಲೇ ನೆಲೆಸಬೇಕೆಂಬ ಅವನ ಕೊನೆಯ ಬೇಡಿಕೆಗೆ ನರಸಿಂಹನು ಒಪ್ಪಿದನೆಂದೂ ಪ್ರತೀತಿ. ಗೆದ್ದವನು ಸೋತವನ ಮನೆಯಲ್ಲಿ ಅವನ ಮಾತಿಗೆ ಕಟ್ಟುಬಿದ್ದಿದ್ದಾನೆ. ಹಿರಣ್ಯಕಶಿಪುವಿನ ಕಥೆಯಲ್ಲಿ ಇಂಥ ಅವಕಾಶವೇ ಇಲ್ಲ. ಜಲಾಸುರ ಪೂಜಿಸಿದನೆನ್ನಲಾದ ಶಿವಲಿಂಗವೂ ಅಲ್ಲಿಯೇ ಇದೆ.

ಇಂಗ್ಲೆಂಡಿನ ಕ್ರಾಸ್ಬಿ ಕಡಲತೀರದಲ್ಲಿ 2005ರಲ್ಲಿ ನಿಲ್ಲಿಸಿದ ಆಂಟನಿ ಗಾರ್ಮ್ಲಿಯ 100 ಕಬ್ಬಿಣದ ಪುರುಷಾಕೃತಿಗಳು ಕಲಾವಿದನ ದೇಹದ್ದೇ ಅಚ್ಚುಗಳು. ಭರತ ಬಂದಾಗ ನೀರು ಅವುಗಳನ್ನು ಆವರಿಸುತ್ತದೆ, ನೋಡುಗನು ದಡದಲ್ಲಿರುತ್ತಾನೆ. ಝರಣಿಯಲ್ಲಿ ನೋಡುಗನೇ ನೀರಿಗಿಳಿಯುತ್ತಾನೆ. ಸುರಂಗದೊಳಗೆ ಅಳವಡಿಸಿದ ವಿದ್ಯುದ್ದೀಪಗಳು ಸುರಕ್ಷತೆಗೆ ಬೇಕಾದವೇ. ಆದರೂ ಕತ್ತಲಲ್ಲಿ ಮೈಯೇ ಕಣ್ಣಾಗುತ್ತಿದ್ದ ಅನುಭವವನ್ನು ಅವು ಬಹಳಷ್ಟು ತೆಳುಗೊಳಿಸಿವೆ.