ದೇವರ ಹೆಸರಿಗೆ ಕಲ್ಲಿನ ಸಾಕ್ಷಿ

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿಯ ಸುತ್ತ ಗಂಟೆಗಟ್ಟಲೆ ತಿರುಗುತ್ತಾರೆ. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಹೆಚ್ಚಿನವರು ಹೋಗುವುದೇ ಇಲ್ಲ. ದೇವರ ಹೆಸರುಗಳ ಹುಟ್ಟನ್ನು ಹುಡುಕುವ ಹವ್ಯಾಸ ಹತ್ತಿದವರು ಮಾತ್ರ ಮೊದಲು ಹೋಗಬೇಕಾದದ್ದು ಅಲ್ಲಿಗೇ. ದೇವರೊಬ್ಬನಿಗೆ ಹೆಸರು ಬಂದ ಗಳಿಗೆಯನ್ನೇ ಅಲ್ಲಿನ ಶಾಸನ ಹಿಡಿದಿಟ್ಟಿದೆ.

ಬಸದಿಯನ್ನು ಕಟ್ಟಿಸಿದವನು ಬೊಪ್ಪದೇವ, 1133ರಲ್ಲಿ, ತೀರಿಕೊಂಡ ತಂದೆ ಗಂಗರಾಜನ ನೆನಪಿಗೆ. ಗಂಗರಾಜ ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ. ದ್ರೋಹಿಗಳನ್ನು ಬೀಸುವ ಕಲ್ಲಿನಂತೆ ಅರೆಯುವವನು ಎಂದು ಅವನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಅಹಿಂಸೆಯ ದೇವರ ಮನೆಗೆ ಆ ಬಿರುದೇ ಹೆಸರಾಗಿ, ಅದು ದ್ರೋಹಘರಟ್ಟ ಜಿನಾಲಯವಾಯಿತು. ಪ್ರತಿಷ್ಠೆ ಮುಗಿಸಿ ಅರ್ಚಕರು ಪ್ರಸಾದ ಹೊತ್ತು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರು. ಆಗಷ್ಟೇ ಅವನು ಶತ್ರುವನ್ನು ಗೆದ್ದಿದ್ದ, ಮಗ ಹುಟ್ಟಿದ ಸುದ್ದಿಯೂ ಬಂದಿತ್ತು. ದೇವರಿಗೆ ವಿಜಯ ಪಾರ್ಶ್ವನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ದೊರೆ ಹೆಸರಿಟ್ಟ. ಇಲ್ಲಿನ ‘ವಿಜಯ’ ಯಾವ ವಿಜಯ ಎಂದು ನಿಘಂಟನ್ನು ಕೇಳಿದರೆ ಏನು ಸಿಕ್ಕೀತು? ಹೇಳಬೇಕಾದದ್ದು ಕಲ್ಲು, ಅದು ಹೇಳಿದೆ.

ಬೇಲೂರಿನದೂ ಇದೇ ಪಾಠ. ಇಂದು ಚೆನ್ನಕೇಶವ ಎಂದು ಕೈಮುಗಿಸಿಕೊಳ್ಳುವ ದೇವರನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ್ದು ವಿಜಯನಾರಾಯಣ ಎಂಬ ಹೆಸರಿನಲ್ಲಿ. ಪೀಠದ ಮೇಲಿನ ಬರಹದಲ್ಲಿರುವುದು ಆ ಹೆಸರೇ. ಪಕ್ಕದ ಗುಡಿಯ ಚೆನ್ನಿಗರಾಯ ರಾಣಿ ಶಾಂತಲೆ ಪ್ರತಿಷ್ಠಾಪಿಸಿದ ದೇವರು. ‘ಕಪ್ಪೆ’ ಎಂಬುದು ಆ ಹೆಸರಿನ ಮುಂದೆ ಅಂಟಿಕೊಂಡದ್ದು ಶಿಲ್ಪಿ ಜಕಣಾಚಾರಿಯ ಕಥೆಯಿಂದ. ಹಳೇಬೀಡಿನ ಹೊಯ್ಸಳೇಶ್ವರನಲ್ಲಿ ರಾಜವಂಶದ ಹೆಸರಿದೆ, ಜೋಡಿಗುಡಿಯ ಶಾಂತಲೇಶ್ವರನಲ್ಲಿ ರಾಣಿಯ ಹೆಸರಿದೆ. ಗುಡಿ ಕಟ್ಟಿಸಿದ ಕೇತಮಲ್ಲ ಮಾತ್ರ ದೇವರ ಹೆಸರಿನೊಳಗೆ ಎಲ್ಲೂ ಇಲ್ಲ. ಅವನನ್ನು ಪರಿಚಯಿಸುವುದು ಘಟ್ಟದಹಳ್ಳಿಯ ಶಾಸನ.

ಕಲ್ಲಿನ ಸಾಕ್ಷಿ ಸಿಗುವ ಈ ಭಾಗ್ಯ ರೋಮಿನ ದೇವರುಗಳ ಬೆನ್ನುಹತ್ತಿದ ವಿದ್ವಾಂಸರಿಗೆ ಅಷ್ಟಾಗಿ ಇರಲಿಲ್ಲ. ಸಮುದ್ರದೇವ ನೆಪ್ಚೂನನ ಹೆಸರು ಈಜು ಎಂಬರ್ಥದ ಪದದಿಂದ ಬಂತು ಎಂಬ ವಾದ ಸಿಸೆರೋ ಬರೆದ ಸಂವಾದವೊಂದರಲ್ಲಿ ಬರುತ್ತದೆ. ಅದೇ ಸಂವಾದದ ಇನ್ನೊಬ್ಬ ಪಾತ್ರಧಾರಿ, ಹೀಗೆ ಹೊರಟರೆ ನೆಪ್ಚೂನನಿಗಿಂತ ನೀನೇ ಹೆಚ್ಚು ಈಜುತ್ತಿದ್ದೀಯೆ ಎನ್ನುತ್ತಾನೆ. ವ್ಯುತ್ಪತ್ತಿಯ ಚಟ ಹತ್ತಿದ ಪ್ರತಿಯೊಬ್ಬರೂ ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕಾದ ಎಚ್ಚರಿಕೆ ಅದು. ಕಲ್ಕತ್ತೆಯ ವಿಲಿಯಂ ಜೋನ್ಸ್ 1784ರಲ್ಲಿ ಗ್ರೀಸ್, ಇಟಲಿ, ಭಾರತಗಳ ದೇವರುಗಳನ್ನು ಕುರಿತು ಬರೆಯುತ್ತಾ ರೋಮಿನ ಜಾನುಸನನ್ನು ನಮ್ಮ ಗಣೇಶನಿಗೆ ಹೊಂದಿಸಿದ. ಇಬ್ಬರಿಗೂ ಮೊದಲ ಪೂಜೆ ಸಲ್ಲುವುದು ನಿಜ. ಆದರೆ ಗಣೇಶ ಗಣಗಳ ಈಶ, ಜಾನುಸನ ಹೆಸರು ಬಾಗಿಲು, ದಾರಿ ಎಂಬರ್ಥದ ಲ್ಯಾಟಿನ್ ಪದ. ನಂಟು ಅಲ್ಲಿಗೆ ಕಡಿಯಿತು. ಜುಪಿಟರ್ ಮತ್ತು ವೇದದ ದ್ಯೌಷ್ಪಿತೃವಿನ ನಂಟು ಹಾಗಲ್ಲ. ಧ್ವನಿಗಳು ನಿಯಮ ತಪ್ಪದೆ ಒಂದಕ್ಕೊಂದು ಒಪ್ಪುತ್ತವೆ. ಹಳೆಯ ಲ್ಯಾಟಿನ್ ಶಾಸನಗಳಲ್ಲಿ ಆ ಹೆಸರಿನ ಮೊದಲ ‘ದ’ಕಾರ ಇನ್ನೂ ಉಳಿದಿದೆ. ಅಲ್ಲಿಯೂ ಸಾಕ್ಷಿ ನುಡಿದದ್ದು ಕಲ್ಲೇ.

ಈ ಎಚ್ಚರಿಕೆ ಹೆಚ್ಚು ಬೇಕಾಗುವುದು ಅರಸೀಕೆರೆಯಲ್ಲಿ. ಅಲ್ಲಿನ ಶಿವಾಲಯ 1220ರ ಕಾಲದ್ದು, ಮುಂದಿನ ನಕ್ಷತ್ರಾಕಾರದ ಮಂಟಪಕ್ಕೆ ಹೆಸರಾದದ್ದು. ಒಳಗಿನ ಲಿಂಗಕ್ಕೆ ಹಿಂದೆ ಕಟ್ಟಮೇಶ್ವರ ಎಂಬ ಹೆಸರಿತ್ತು. ಮುಂದೆ ಅದು ಚಂದ್ರಮೌಳೀಶ್ವರ ಎಂದಾಯಿತು. ಚಂದ್ರಮೌಳಿ ಯಾವ ಊರಿನ ಶಿವನಿಗಾದರೂ ಒಪ್ಪುವ ಹೆಸರು. ಕಟ್ಟಮೇಶ್ವರ ಆ ಒಂದೇ ಊರಿನದು. ಕೆರೆಯ ಹೆಸರನ್ನೇ ಹೊತ್ತ ಊರಾದ್ದರಿಂದ ‘ಕಟ್ಟೆ’ಯಿಂದ ‘ಕಟ್ಟಮ’ ಬಂತು ಎಂದುಬಿಡುವುದು ಸುಲಭ. ಹಾಗೆಂದ ಕೂಡಲೇ ನಾವೂ ನೆಪ್ಚೂನನ ಜೊತೆ ನೀರಿಗಿಳಿದಂತೆ. ಕಟ್ಟಮ ವ್ಯಕ್ತಿಯೇ, ಜಾಗವೇ, ಬಿರುದೇ ಎಂಬುದನ್ನು ಕಿವಿಗೆ ಹಿತವಾಗಿ ಕೇಳಿಸುವ ಸಾಮ್ಯದಿಂದ ತೀರ್ಮಾನಿಸಬಾರದು.

ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ 1902ರಲ್ಲೇ ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು ಬೇಲೂರಿನ ಗುಡಿಯ ಮೇಲೆ 1919ರಲ್ಲಿ ಪ್ರತ್ಯೇಕ ಪುಸ್ತಕವನ್ನೇ ತಂದರು. ಇಷ್ಟು ಕೈಗೆಟುಕುವಲ್ಲಿರುವಾಗ ಊಹೆಯ ಮೇಲೆ ಊಹೆ ಪೇರಿಸುವುದು ನಮ್ಮ ದೇವರಿಗೂ ನಮ್ಮ ಭಾಷೆಗೂ ಮಾಡುವ ಅನ್ಯಾಯ. ನಿಮ್ಮೂರ ದೇವರ ಹೆಸರಿನ ಬಗ್ಗೆ ವಿದ್ವಾಂಸರಿಗೆ ಪತ್ರ ಬರೆಯುವ ಮುನ್ನ ಮೂರು ಸಂಗತಿ ಗುರುತು ಹಾಕಿಕೊಳ್ಳಿ: ಆ ಹೆಸರು ಮೊದಲು ಕಾಣುವ ಶಾಸನ, ಅದರ ಕಾಲ, ದೇವರನ್ನು ನಿಲ್ಲಿಸಿದವರು ಯಾರು. ಅರ್ಥದ ಚರ್ಚೆ ಆಮೇಲೆ ಆಗಲಿ. ಹಾಗೆ ಬಂದ ಪತ್ರ ಒಂದೇ ಪುಟದ್ದಾದರೂ ವಿದ್ವಾಂಸರು ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.